ಒಂದು ಡ್ರೈವರ್ ತಿದ್ದಿದರೆ ಒಂಬತ್ತು ಪ್ರಾಜೆಕ್ಟ್‌ಗಳು ಏಕೆ ಅಲುಗಾಡಬೇಕು?

ಪ್ರಶ್ನೆ: ನಮ್ಮದು ಆರು ಜನರ ಟೆಸ್ಟ್ ಇಂಜಿನಿಯರಿಂಗ್ ತಂಡ. ಕೈಯಲ್ಲಿ ಒಂಬತ್ತು ಪ್ರಾಜೆಕ್ಟ್‌ಗಳಿವೆ. ಏಳು ಲ್ಯಾಬ್‌ವ್ಯೂನಲ್ಲಿ (ಚಿತ್ರಗಳ ಮೂಲಕ ಪ್ರೋಗ್ರಾಂ ಬರೆಯುವ ಭಾಷೆ), ಹೊಸದಾದ ಎರಡು ಪೈಥಾನ್‌ನಲ್ಲಿ. ಮಲ್ಟಿಮೀಟರ್, ಪವರ್ ಸಪ್ಲೈ, ಆಸಿಲೋಸ್ಕೋಪ್ ಹೀಗೆ ಹದಿನಾಲ್ಕು ಉಪಕರಣಗಳ ಡ್ರೈವರ್‌ಗಳನ್ನು, ಅಂದರೆ ಅವನ್ನು ಕಂಪ್ಯೂಟರಿನಿಂದ ನಡೆಸುವ ಕೋಡನ್ನು, ಈ ಪ್ರಾಜೆಕ್ಟ್‌ಗಳು ಹಂಚಿಕೊಳ್ಳುತ್ತವೆ. ಮೊದಲು ಪ್ರತಿ ಪ್ರಾಜೆಕ್ಟ್‌ನಲ್ಲೂ ಒಂದೊಂದು ಕಾಪಿ ಇತ್ತು. ಒಂದು ಕಡೆ ಸರಿಪಡಿಸಿದ ದೋಷ ಇನ್ನೊಂದು ಕಡೆ ಹಾಗೆಯೇ ಉಳಿಯುತ್ತಿದ್ದುದರಿಂದ ಎಲ್ಲವನ್ನೂ ನೆಟ್‌ವರ್ಕ್ ಡ್ರೈವ್‌ನ ಒಂದೇ ಫೋಲ್ಡರ್‌ಗೆ ತಂದೆವು. ಆಮೇಲೆ ಒಬ್ಬ ಸಹೋದ್ಯೋಗಿ ಟೆಸ್ಟ್ ಬೇಗ ಮುಗಿಯಲೆಂದು ಮಲ್ಟಿಮೀಟರ್ ಡ್ರೈವರ್‌ನಲ್ಲಿ ಇಂಟಿಗ್ರೇಷನ್ ಸಮಯದ (ಒಂದು ಅಳತೆಗಾಗಿ ಸರಾಸರಿ ತೆಗೆಯುವ ಅವಧಿ) ಡೀಫಾಲ್ಟ್ ಮೌಲ್ಯವನ್ನು 10 ಪವರ್ ಲೈನ್ ಸೈಕಲ್‌ನಿಂದ 0.1ಕ್ಕೆ ಇಳಿಸಿದರು. ಅವರ ಪ್ರಾಜೆಕ್ಟ್ ಚೆನ್ನಾಗಿ ನಡೆಯಿತು. ಆದರೆ ಬೇರೊಂದು ಸ್ಟೇಷನ್‌ನಲ್ಲಿ ಸರಿಯಾಗಿದ್ದ ಬೋರ್ಡ್‌ಗಳೂ ಫೇಲ್ ಆಗತೊಡಗಿದವು, ಕಾರಣ ತಿಳಿಯಲು ಮೂರು ದಿನ ಬೇಕಾಯಿತು. ಈಗ ಫೈಲ್‌ಗಳ ಪ್ರತಿ ಬದಲಾವಣೆಯನ್ನೂ ದಾಖಲಿಸುವ ಗಿಟ್ ಬಳಸೋಣ ಎಂದು ಕೆಲವರು, ಲ್ಯಾಬ್‌ವ್ಯೂ ಫೈಲ್‌ಗಳು ಬೈನರಿ ಆದ್ದರಿಂದ ಗಿಟ್‌ನಿಂದ ಪ್ರಯೋಜನವಿಲ್ಲ ಎಂದು ಕೆಲವರು, ಕಾಪಿ ಪದ್ಧತಿಗೇ ಮರಳೋಣ ಎಂದು ಇನ್ನು ಕೆಲವರು ಹೇಳುತ್ತಿದ್ದಾರೆ. ಉಪಕರಣ ತಯಾರಕರ ಡ್ರೈವರ್‌ಗಳನ್ನೂ ನಾವು ಅಲ್ಲಲ್ಲಿ ತಿದ್ದಿದ್ದೇವೆ; ಅವರ ಹೊಸ ಆವೃತ್ತಿ ಬಂದಾಗ ಏನು ಮಾಡಬೇಕು? ಉತ್ಪಾದನೆಯಲ್ಲಿರುವ ಸ್ಟೇಷನ್‌ಗಳನ್ನು ನಿಲ್ಲಿಸದೆ ಹೊಸ ಪದ್ಧತಿಗೆ ಹೋಗುವುದು ಹೇಗೆ?

ಉತ್ತರ: ನಿಮ್ಮ ಪತ್ರವನ್ನು ಎರಡು ಬಾರಿ ಓದಿದೆ. ನೀವು ಗಿಟ್ ಬೇಕೇ ಬೇಡವೇ ಎಂದು ಕೇಳಿದ್ದೀರಿ, ಆದರೆ ನಿಮ್ಮನ್ನು ನಿಜವಾಗಿ ಕಾಡುತ್ತಿರುವುದು ಬೇರೆಯೇ ಇದೆ ಎಂದು ನನಗನ್ನಿಸುತ್ತದೆ: ಒಬ್ಬರು ಒಳ್ಳೆಯ ಉದ್ದೇಶದಿಂದ ಮಾಡಿದ ಬದಲಾವಣೆ, ಅದನ್ನು ಕೇಳಿರದ, ಅದರ ಸುಳಿವೂ ಇಲ್ಲದ ಇನ್ನೊಬ್ಬರ ಸ್ಟೇಷನ್‌ಗೆ ತಾನಾಗಿ ಹೋಗಿ ಸೇರಿಕೊಂಡಿತು. ಕಾಪಿ ಪದ್ಧತಿಯಲ್ಲಿ ಬದಲಾವಣೆ ಎಲ್ಲಿಗೂ ತಲುಪುತ್ತಿರಲಿಲ್ಲ. ನೆಟ್‌ವರ್ಕ್ ಫೋಲ್ಡರ್‌ನಲ್ಲಿ ಎಲ್ಲ ಕಡೆಗೂ ಒಂದೇ ಕ್ಷಣದಲ್ಲಿ ತಲುಪುತ್ತದೆ. ನಿಮಗೆ ಬೇಕಾಗಿರುವುದು ಇವೆರಡೂ ಅಲ್ಲ. ಡ್ರೈವರ್‌ಗೆ ಇರುವ ಮನೆ ಒಂದೇ ಆಗಿರಬೇಕು, ಆದರೆ ಅದರ ಯಾವ ಆವೃತ್ತಿಯನ್ನು ಯಾವಾಗ ತೆಗೆದುಕೊಳ್ಳಬೇಕು ಎಂಬ ನಿರ್ಧಾರ ಪ್ರತಿ ಪ್ರಾಜೆಕ್ಟ್‌ನ ಕೈಯಲ್ಲೇ ಇರಬೇಕು. ಮುಂದೆ ನಾನು ಹೇಳುವುದೆಲ್ಲ ಇದೊಂದನ್ನು ಸಾಧಿಸುವ ದಾರಿಗಳ ಬಗ್ಗೆ.

ಮೊದಲು ನಿಮ್ಮಲ್ಲಾದ ಘಟನೆಯನ್ನೇ ಹತ್ತಿರದಿಂದ ನೋಡೋಣ, ಏಕೆಂದರೆ ಡ್ರೈವರ್‌ಗಳನ್ನು ಉಳಿದ ಕೋಡ್‌ಗಿಂತ ಭಿನ್ನವಾಗಿ ಕಾಣಬೇಕಾದ ಕಾರಣ ಅದರಲ್ಲೇ ಇದೆ. ವಿದ್ಯುತ್ ಲೈನ್ 50 ಹರ್ಟ್ಸ್ ಇರುವಲ್ಲಿ ಒಂದು ಸೈಕಲ್ ಎಂದರೆ 20 ಮಿಲಿಸೆಕೆಂಡ್, ಹತ್ತು ಸೈಕಲ್ ಎಂದರೆ 200 ಮಿಲಿಸೆಕೆಂಡ್. ಮಲ್ಟಿಮೀಟರ್ ಪೂರ್ಣ ಸೈಕಲ್‌ಗಳ ಮೇಲೆ ಸರಾಸರಿ ತೆಗೆಯುವುದರಿಂದ ಲೈನ್‌ನಿಂದ ಸೇರಿಕೊಳ್ಳುವ ಗುನುಗು ಮೇಲೂ ಕೆಳಗೂ ಸಮವಾಗಿ ಬಂದು ಕಳೆದುಹೋಗುತ್ತದೆ. 0.1 ಸೈಕಲ್‌ಗೆ ಇಳಿಸಿದಾಗ ಅಳತೆ ಎರಡೇ ಮಿಲಿಸೆಕೆಂಡ್‌ನಲ್ಲಿ ಮುಗಿಯುತ್ತದೆ, ಆದರೆ ಆ ರಕ್ಷಣೆ ಹೋಗುತ್ತದೆ. ಸೈಕಲ್‌ನ ಯಾವ ಭಾಗದಲ್ಲಿ ಅಳತೆ ಬಿತ್ತೋ ಅದರಂತೆ ರೀಡಿಂಗ್ ಓಲಾಡುತ್ತದೆ. ಕೆಲವು ವೋಲ್ಟ್ ಅಳೆಯುವ ನಿಮ್ಮ ಸಹೋದ್ಯೋಗಿಗೆ ಇದು ಕಾಣಿಸಲೇ ಇಲ್ಲ. ಬಿಗಿಯಾದ ಮಿತಿಯೊಳಗೆ ಮಿಲಿವೋಲ್ಟ್ ಅಳೆಯುವ ಸ್ಟೇಷನ್‌ನಲ್ಲಿ ಬೋರ್ಡ್‌ಗಳು ಫೇಲ್ ಆದವು. ಗಮನಿಸಿ: ಯಾವ ವಿಐ (ಲ್ಯಾಬ್‌ವ್ಯೂನ ಪ್ರೋಗ್ರಾಂ ಫೈಲ್) ಕೂಡ ಮುರಿಯಲಿಲ್ಲ, ಅದರ ಇನ್‌ಪುಟ್ ಔಟ್‌ಪುಟ್‌ಗಳ ಜೋಡಣೆಯಾದ ಕನೆಕ್ಟರ್ ಪೇನ್ ಬದಲಾಗಲಿಲ್ಲ, ಎರರ್ ಬರಲಿಲ್ಲ. ಸಾಮಾನ್ಯ ಸಾಫ್ಟ್‌ವೇರ್‌ನಲ್ಲಿ ಫಂಕ್ಷನ್‌ನ ಇನ್‌ಪುಟ್ ಔಟ್‌ಪುಟ್ ಹಾಗೆಯೇ ಇದ್ದರೆ ಬದಲಾವಣೆ ಸುರಕ್ಷಿತ ಎಂದು ಒಂದು ಮಟ್ಟಿಗೆ ನಂಬಬಹುದು. ಇನ್‌ಸ್ಟ್ರುಮೆಂಟ್ ಡ್ರೈವರ್‌ನಲ್ಲಿ ಹಾಗೆ ನಂಬುವಂತಿಲ್ಲ. ಡೀಫಾಲ್ಟ್ ಮೌಲ್ಯ, ಕಾಯುವ ಸಮಯ, ಕಮಾಂಡ್‌ಗಳ ಕ್ರಮ ಎಲ್ಲವೂ ಅಳತೆಯ ಭಾಗವೇ.

ಈಗ ನಿಮ್ಮ ತಂಡದಲ್ಲಿ ಓಡಾಡುತ್ತಿರುವ ನಂಬಿಕೆಗಳಿಗೆ ಬರುತ್ತೇನೆ.

ಲ್ಯಾಬ್‌ವ್ಯೂ ಫೈಲ್ ಬೈನರಿ, ಆದ್ದರಿಂದ ಗಿಟ್ ವ್ಯರ್ಥ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಇಬ್ಬರು ಒಂದೇ ವಿಐಯನ್ನು ಬೇರೆ ಬೇರೆ ಬ್ರ್ಯಾಂಚ್‌ಗಳಲ್ಲಿ (ಇತಿಹಾಸದ ಕವಲುಗಳಲ್ಲಿ) ತಿದ್ದಿದರೆ ಗಿಟ್ ತಾನಾಗಿ ಅವನ್ನು ಬೆಸೆಯಲಾರದು, ಇದು ನಿಜ. ಆದರೆ ಯಾರು, ಯಾವಾಗ, ಏಕೆ ಬದಲಿಸಿದರು ಎಂಬ ದಾಖಲೆ, ಹಿಂದಿನ ಸ್ಥಿತಿಗೆ ಮರಳುವ ಅವಕಾಶ, ಒಂದು ಸ್ಥಿತಿಗೆ ಟ್ಯಾಗ್ ಹಾಕಿ ಹೆಸರಿಡುವ ಸೌಲಭ್ಯ, ಇವೆಲ್ಲ ಬೈನರಿ ಫೈಲ್‌ಗೂ ಟೆಕ್ಸ್ಟ್ ಫೈಲ್‌ಗೂ ಒಂದೇ. ನಿಮ್ಮ ಮೂರು ದಿನದ ಹುಡುಕಾಟದಲ್ಲಿ ಬೇಕಾಗಿದ್ದುದು ಮರ್ಜ್ (ಬೆಸೆಯುವಿಕೆ) ಅಲ್ಲ, ಇತಿಹಾಸ. ಹಿಂದಿನ ವಾರ ಸರಿಯಿತ್ತು, ಈ ವಾರ ಕೆಟ್ಟಿದೆ ಎಂದು ತಿಳಿದಿದ್ದರೆ ನಡುವಿನ ಕಮಿಟ್‌ಗಳ, ಅಂದರೆ ದಾಖಲಾದ ಬದಲಾವಣೆಗಳ, ಪಟ್ಟಿ ನೋಡಿದ ಕೂಡಲೇ ಮಲ್ಟಿಮೀಟರ್ ಫೋಲ್ಡರ್‌ನ ಹೆಸರು ಕಣ್ಣಿಗೆ ಬೀಳುತ್ತಿತ್ತು. ಎರಡು ವಿಐಗಳ ನಡುವಿನ ವ್ಯತ್ಯಾಸವನ್ನು ಚಿತ್ರದಲ್ಲೇ ತೋರಿಸಲು ಎಲ್‌ವಿ ಕಂಪೇರ್, ಕೈಯಿಂದ ಬೆಸೆಯಲು ಎಲ್‌ವಿ ಮರ್ಜ್ ಎಂಬ ಸಾಧನಗಳಿವೆ. ಇವನ್ನು ಗಿಟ್‌ನೊಂದಿಗೆ ಜೋಡಿಸಬಹುದು. ಆದರೂ ಒಂದೇ ವಿಐಯನ್ನು ಇಬ್ಬರು ಏಕಕಾಲಕ್ಕೆ ಮುಟ್ಟದಂತೆ ನೋಡಿಕೊಳ್ಳುವುದೇ ಮೇಲು. ಗಿಟ್‌ನಂಥದೇ ಇನ್ನೊಂದು ಸಾಧನವಾದ ಸಬ್‌ವರ್ಷನ್‌ನಲ್ಲಿ ಇದಕ್ಕೆ ನೀಡ್ಸ್-ಲಾಕ್ ಎಂಬ ಗುಣವಿದೆ, ಗಿಟ್‌ನಲ್ಲಿ ಎಲ್‌ಎಫ್‌ಎಸ್ ವಿಸ್ತರಣೆಯ ಮೂಲಕ ಲಾಕ್ ಹಾಕಬಹುದು. ಆರು ಜನರ ತಂಡದಲ್ಲಿ ಪ್ರತಿ ಡ್ರೈವರ್‌ಗೆ ಒಬ್ಬ ಹೊಣೆಗಾರರನ್ನು ಗೊತ್ತುಮಾಡಿದರೆ ಲಾಕ್ ಬೇಕಾಗುವ ಸಂದರ್ಭವೇ ವಿರಳ.

ಇದರೊಂದಿಗೆ ಇನ್ನೊಂದು ಕೆಲಸವನ್ನು ಮೊದಲ ದಿನವೇ ಮಾಡಿ. ಲ್ಯಾಬ್‌ವ್ಯೂ 2010ರಿಂದ, ಕಂಪೈಲ್ ಆದ ಕೋಡನ್ನು ಸೋರ್ಸ್ ಫೈಲ್‌ನಿಂದ ಬೇರೆಯಾಗಿ ಇಡುವ ಆಯ್ಕೆ ಇದೆ. ಅದನ್ನು ಹಾಕದಿದ್ದರೆ ಒಳಗಿನ ಒಂದು ಸಬ್‌ವಿಐ ಬದಲಾದಾಗ ಅದನ್ನು ಕರೆಯುವ ಹತ್ತಾರು ವಿಐಗಳು ಸುಮ್ಮನೆ ಮರುಕಂಪೈಲ್ ಆಗಿ, ಬದಲಾದಂತೆ ತೋರಿ, ಸೇವ್ ಮಾಡಲೇ ಎಂದು ಕೇಳುತ್ತವೆ. ಹಾಗೆ ಸೇವ್ ಮಾಡಿದ ನಲವತ್ತು ಫೈಲ್‌ಗಳ ಕಮಿಟ್‌ನಲ್ಲಿ ನಿಜವಾಗಿ ಬದಲಾದ ಒಂದು ಫೈಲ್ ಯಾವುದೆಂದು ಯಾರಿಗೂ ತಿಳಿಯುವುದಿಲ್ಲ. ಗಿಟ್ ಲ್ಯಾಬ್‌ವ್ಯೂಗೆ ಒಗ್ಗುವುದಿಲ್ಲ ಎಂದು ಕೈಬಿಟ್ಟ ತಂಡಗಳಲ್ಲಿ ನಾನು ಕಂಡ ಕಾರಣ ಬಹುಪಾಲು ಇದೇ.

ತಯಾರಕರ ಡ್ರೈವರನ್ನು ಗಿಟ್‌ನಂಥ ಸೋರ್ಸ್ ಕಂಟ್ರೋಲ್‌ಗೆ ಹಾಕಬೇಕಿಲ್ಲ, ಬೇಕಾದಾಗ ಮತ್ತೆ ಇಳಿಸಿಕೊಳ್ಳಬಹುದು ಎಂಬುದೂ ಒಂದು ನಂಬಿಕೆ. ಇದು ಸಂಪೂರ್ಣ ತಪ್ಪು. ಐದು ವರ್ಷಗಳ ನಂತರ ನಿಮಗೆ ಸಿಗುವುದು ಅಂದಿನ ಆವೃತ್ತಿಯೇ ಹೊರತು ನೀವು ಪರೀಕ್ಷಿಸಿ ಒಪ್ಪಿದ ಆವೃತ್ತಿಯಲ್ಲ. ಇಳಿಸಿದ ಮೂಲ ಪ್ಯಾಕೇಜನ್ನು, ಅದರ ಆವೃತ್ತಿ ಸಂಖ್ಯೆಯೊಂದಿಗೆ, ಮುಟ್ಟದೆ ಇಡಿ.

ಇನ್ನು ಲ್ಯಾಬ್‌ವ್ಯೂನಲ್ಲಿ ಡ್ರೈವರ್‌ಗಳಿಗೆಂದೇ ಇರುವ ಇನ್‌ಸ್ಟ್ರ್.ಲಿಬ್ (instr.lib) ಫೋಲ್ಡರ್. ಅಲ್ಲಿಟ್ಟರೆ ಡ್ರೈವರ್ ಪ್ಯಾಲೆಟ್‌ನಲ್ಲಿ (ಫಂಕ್ಷನ್‌ಗಳನ್ನು ಆರಿಸಿಕೊಳ್ಳುವ ಪಟ್ಟಿ) ಕಾಣಿಸುತ್ತದೆ, ಅನುಕೂಲವೇ ಸರಿ. ಆದರೆ ಆ ಫೋಲ್ಡರ್ ಲ್ಯಾಬ್‌ವ್ಯೂ ಇನ್‌ಸ್ಟಾಲ್ ಆದ ಜಾಗದೊಳಗಿದೆ, ನಿಮ್ಮ ಪ್ರಾಜೆಕ್ಟ್‌ನೊಳಗಲ್ಲ. ವಿಐ ಅದನ್ನು ಇನ್‌ಸ್ಟ್ರ್.ಲಿಬ್‌ನಲ್ಲಿರುವ ಇಂಥ ಫೈಲ್ ಎಂದಷ್ಟೇ ನೆನಪಿಟ್ಟುಕೊಳ್ಳುತ್ತದೆ. ಆ ಕಂಪ್ಯೂಟರಿನಲ್ಲಿ ಯಾವ ಆವೃತ್ತಿ ಕೂತಿದೆ ಎಂಬುದು ನಿಮ್ಮ ರೆಪೊಸಿಟರಿಯಲ್ಲಿ (ಗಿಟ್ ಫೈಲ್‌ಗಳನ್ನೂ ಅವುಗಳ ಇತಿಹಾಸವನ್ನೂ ಇಡುವ ಸಂಗ್ರಹ) ಎಲ್ಲೂ ದಾಖಲಾಗುವುದಿಲ್ಲ, ಹೀಗಾಗಿ ಒಂದೇ ಕಮಿಟ್ ಎರಡು ಕಂಪ್ಯೂಟರ್‌ಗಳಲ್ಲಿ ಎರಡು ರೀತಿ ಅಳೆಯಬಹುದು.

ಕಾಪಿ ಪದ್ಧತಿಗೆ ಮರಳುವ ಸಲಹೆಯನ್ನು ನಾನು ತಳ್ಳಿಹಾಕುವುದಿಲ್ಲ. ಅದರ ಹಿಂದಿನ ಭಯ ನ್ಯಾಯವಾದುದು, ಮತ್ತು ಕಾಪಿ ಪ್ರತಿ ಪ್ರಾಜೆಕ್ಟನ್ನೂ ಇನ್ನೊಂದರಿಂದ ಕಾಪಾಡುತ್ತದೆ. ಆದರೆ ಲ್ಯಾಬ್‌ವ್ಯೂನಲ್ಲಿ ಕಾಪಿಗೆ ಅದರದೇ ಅಪಾಯವಿದೆ. ಒಮ್ಮೆ ನಾನು ಕೆಲಸ ಮಾಡುತ್ತಿದ್ದ ತಂಡದಲ್ಲಿ ಹಳೆಯ ಪ್ರಾಜೆಕ್ಟ್‌ನ ಫೋಲ್ಡರನ್ನು ಪೂರ್ತಿ ಕಾಪಿ ಮಾಡಿ ಹೊಸದನ್ನು ಆರಂಭಿಸಿದ್ದೆವು. ಒಬ್ಬ ಇಂಜಿನಿಯರ್ ಎರಡೂ ಪ್ರಾಜೆಕ್ಟ್‌ಗಳ ಮುಖ್ಯ ವಿಐಗಳನ್ನು ಪ್ರಾಜೆಕ್ಟ್ ಫೈಲ್ ಮೂಲಕವಲ್ಲದೆ ಫೋಲ್ಡರ್‌ನಿಂದ ನೇರವಾಗಿ ತೆರೆದರು. ಒಂದೇ ಹೆಸರಿನ ಎರಡು ವಿಐಗಳು ಹಾಗೆ ಒಟ್ಟಿಗೆ ಮೆಮೊರಿಯಲ್ಲಿ ಇರಲಾರವು. ಆದ್ದರಿಂದ ಎರಡನೆಯ ಪ್ರಾಜೆಕ್ಟ್, ಆಗಲೇ ತೆರೆದುಕೊಂಡಿದ್ದ ಮೊದಲ ಪ್ರಾಜೆಕ್ಟ್‌ನ ಡ್ರೈವರನ್ನೇ ಹಿಡಿದುಕೊಂಡಿತು. ಬೇರೆ ಜಾಗದಿಂದ ಲೋಡ್ ಆಗಿದೆ ಎಂಬ ಎಚ್ಚರಿಕೆ ಬಂತು, ಸೇವ್ ಮಾಡಲೇ ಎಂದು ಕೇಳಿತು, ಅವರು ಹೌದೆಂದರು. ಅಲ್ಲಿಗೆ ಹೊಸ ಪ್ರಾಜೆಕ್ಟ್‌ನ ಅರ್ಧ ಭಾಗ ಹಳೆಯ ಫೋಲ್ಡರ್‌ಗೆ ಕಟ್ಟಿಬಿದ್ದಿತ್ತು. ಹಳೆಯ ಫೋಲ್ಡರನ್ನು ಅಳಿಸಿದ ದಿನ ಅದು ಎಲ್ಲರಿಗೂ ಗೊತ್ತಾಯಿತು. ಡ್ರೈವರಿನ ವಿಐಗಳೆಲ್ಲ ಒಂದು ಲೈಬ್ರರಿ ಫೈಲ್‌ಗೆ ಸೇರಿದ್ದರೆ ಬೇರೆ ಬೇರೆ ತಯಾರಕರ ‘ರೀಡ್’, ‘ಇನಿಷಿಯಲೈಸ್’ ಎಂಬ ಹೆಸರುಗಳು ಡಿಕ್ಕಿ ಹೊಡೆಯುವುದು ತಪ್ಪುತ್ತದೆ. ಒಂದೇ ಲೈಬ್ರರಿಯ ಎರಡು ಕಾಪಿಗಳ ಗೊಂದಲ ಮಾತ್ರ ಅದರಿಂದಲೂ ತಪ್ಪುವುದಿಲ್ಲ. ಯಾವಾಗಲೂ ಪ್ರಾಜೆಕ್ಟ್ ಫೈಲ್ ಮೂಲಕವೇ ತೆರೆಯುವ ಅಭ್ಯಾಸ ತಂಡಕ್ಕೆ ಆಗಬೇಕು.

ಹಾಗಾದರೆ ದಾರಿ ಯಾವುದು? ನಿಮ್ಮಂಥ ತಂಡಕ್ಕೆ ನಿಜವಾದ ಆಯ್ಕೆಗಳು ಎರಡು.

ಒಂದು, ಪ್ರತಿ ಡ್ರೈವರ್‌ಗೆ ಅದರದೇ ರೆಪೊಸಿಟರಿ ಮಾಡಿ, ಪ್ರಾಜೆಕ್ಟ್‌ನೊಳಗೆ ಅದನ್ನು ಗಿಟ್ ಸಬ್‌ಮಾಡ್ಯೂಲ್ (ಒಂದು ರೆಪೊಸಿಟರಿಯೊಳಗೆ ಕೂರುವ ಇನ್ನೊಂದು ರೆಪೊಸಿಟರಿ) ಆಗಿ ಸೇರಿಸುವುದು. ಸಬ್‌ವರ್ಷನ್ ಬಳಸುವವರಿಗೆ ಎಕ್ಸ್‌ಟರ್ನಲ್ಸ್ ಇದೇ ಕೆಲಸ ಮಾಡುತ್ತದೆ, ರಿವಿಷನ್ ಸಂಖ್ಯೆಯನ್ನು ನಮೂದಿಸಲೇಬೇಕು ಎಂಬ ಷರತ್ತಿನೊಂದಿಗೆ. ನಮೂದಿಸದಿದ್ದರೆ ಅದೂ ನಿಮ್ಮ ನೆಟ್‌ವರ್ಕ್ ಫೋಲ್ಡರ್‌ನಂತೆಯೇ ಆಗುತ್ತದೆ. ಸಬ್‌ಮಾಡ್ಯೂಲ್ ಒಂದು ನಿರ್ದಿಷ್ಟ ಕಮಿಟನ್ನು ಮಾತ್ರ ತೋರಿಸುತ್ತದೆ. ಡ್ರೈವರಿನ ರೆಪೊಸಿಟರಿಯಲ್ಲಿ ಎಷ್ಟೇ ಬದಲಾವಣೆಗಳು ಆಗಲಿ, ನಿಮ್ಮ ಪ್ರಾಜೆಕ್ಟ್‌ನವರು ಬೇಕೆಂದು ಮುಂದಕ್ಕೆ ತರುವವರೆಗೆ ಹಳೆಯದೇ ನಿಲ್ಲುತ್ತದೆ, ಮುಂದಕ್ಕೆ ತಂದದ್ದೂ ಪ್ರಾಜೆಕ್ಟ್‌ನ ಇತಿಹಾಸದಲ್ಲಿ ಒಂದು ಕಮಿಟ್ ಆಗಿ ಉಳಿಯುತ್ತದೆ. ಎರಡು ಪ್ರಾಜೆಕ್ಟ್‌ಗಳು ಒಂದೇ ಕಂಪ್ಯೂಟರಿನಲ್ಲಿ ಒಂದೇ ಡ್ರೈವರಿನ ಎರಡು ಆವೃತ್ತಿಗಳನ್ನು ಇಟ್ಟುಕೊಳ್ಳಬಹುದು. ತೊಂದರೆಯೂ ಇದೆ. ಸಬ್‌ಮಾಡ್ಯೂಲ್ ಫೋಲ್ಡರ್‌ನೊಳಗೆ ಹೋಗಿ ಅವಸರದಲ್ಲಿ ತಿದ್ದಿ ಕಮಿಟ್ ಮಾಡುವವರು, ಅಲ್ಲಿ ಯಾವ ಬ್ರ್ಯಾಂಚ್ ಕೂಡ ಚೆಕ್‌ಔಟ್ ಆಗಿಲ್ಲ ಎಂಬುದನ್ನು ಗಮನಿಸುವುದಿಲ್ಲ. ಮುಂದಿನ ಅಪ್‌ಡೇಟ್‌ನಲ್ಲಿ ಆ ಕೆಲಸ ಕಣ್ಮರೆಯಾಗುತ್ತದೆ. ಇಲ್ಲವೇ ಪ್ರಾಜೆಕ್ಟನ್ನು ಪುಶ್ ಮಾಡಿ (ಎಲ್ಲರಿಗೂ ಸಿಗುವಂತೆ ಸರ್ವರ್‌ಗೆ ಕಳಿಸಿ) ಡ್ರೈವರನ್ನು ಪುಶ್ ಮಾಡಲು ಮರೆಯುತ್ತಾರೆ, ಉಳಿದವರಿಗೆ ಎಲ್ಲೂ ಇಲ್ಲದ ಕಮಿಟ್‌ಗೆ ಬೊಟ್ಟು ಮಾಡುವ ಪ್ರಾಜೆಕ್ಟ್ ಸಿಗುತ್ತದೆ. ಎರಡನೆಯದಕ್ಕೆ ಗಿಟ್‌ನಲ್ಲೇ ಪರಿಹಾರವಿದೆ: ಪುಶ್ ಮಾಡುವಾಗ ಸಬ್‌ಮಾಡ್ಯೂಲ್‌ಗಳನ್ನು ಪರಿಶೀಲಿಸುವ ಸೆಟ್ಟಿಂಗ್ ಹಾಕಿದರೆ ಅದು ಮೊದಲೇ ತಡೆಯುತ್ತದೆ. ಮೊದಲನೆಯದಕ್ಕೆ ಡ್ರೈವರನ್ನು ಅದರದೇ ರೆಪೊಸಿಟರಿಯಲ್ಲಿ ಮಾತ್ರ ತಿದ್ದುವ ಶಿಸ್ತೇ ಔಷಧ.

ಎರಡನೆಯದು ಪ್ಯಾಕೇಜ್. ಡ್ರೈವರಿನ ಪ್ರತಿ ಬಿಡುಗಡೆಗೂ ಆವೃತ್ತಿ ಸಂಖ್ಯೆ ಕೊಟ್ಟು ಪ್ಯಾಕೇಜ್ ಕಟ್ಟಿ, ಪ್ರಾಜೆಕ್ಟ್‌ನಲ್ಲಿ ಯಾವ ಆವೃತ್ತಿ ಬೇಕೆಂದು ಬರೆದಿಡುವುದು. ನಿಮ್ಮ ಪೈಥಾನ್ ಪ್ರಾಜೆಕ್ಟ್‌ಗಳಿಗೆ ಇದೇ ಸರಿ, ಎರಡು ಮಾತಿಲ್ಲ. ಪ್ರತಿ ಪ್ರಾಜೆಕ್ಟ್‌ಗೂ ಪ್ರತ್ಯೇಕ ವರ್ಚುವಲ್ ಎನ್ವಿರಾನ್ಮೆಂಟ್ ಇರುವುದರಿಂದ ಆವೃತ್ತಿಗಳು ಒಂದಕ್ಕೊಂದು ತಾಗುವುದಿಲ್ಲ. ಲ್ಯಾಬ್‌ವ್ಯೂನಲ್ಲಿ ವಿಐ ಪ್ಯಾಕೇಜ್ ಮ್ಯಾನೇಜರ್ ಈ ಕೆಲಸ ಮಾಡುತ್ತದೆ, ಬಳಸಲು ಸುಲಭ, ಪ್ಯಾಲೆಟ್‌ನಲ್ಲೂ ಕಾಣಿಸುತ್ತದೆ. ಆದರೆ ಅದು ಸಾಮಾನ್ಯವಾಗಿ ಪ್ಯಾಕೇಜನ್ನು ಲ್ಯಾಬ್‌ವ್ಯೂ ಫೋಲ್ಡರ್‌ನೊಳಗೇ ಹಾಕುತ್ತದೆ, ಅಂದರೆ ಒಂದು ಕಂಪ್ಯೂಟರಿನ ಒಂದು ಲ್ಯಾಬ್‌ವ್ಯೂಗೆ ಒಂದೇ ಆವೃತ್ತಿ. ಬೆಳಿಗ್ಗೆ ಒಂದು ಪ್ರಾಜೆಕ್ಟ್, ಮಧ್ಯಾಹ್ನ ಇನ್ನೊಂದು ಎಂದು ಕೆಲಸ ಮಾಡುವವರು ಪ್ರತಿ ಬಾರಿ ಆ ಪ್ರಾಜೆಕ್ಟ್‌ನ ಪ್ಯಾಕೇಜ್ ಪಟ್ಟಿಯನ್ನು ಮತ್ತೆ ಇನ್‌ಸ್ಟಾಲ್ ಮಾಡಬೇಕು. ಒಂದು ದಿನ ಮರೆತರೂ ಅಳತೆ ತಪ್ಪು ಡ್ರೈವರ್‌ನಲ್ಲಿ ನಡೆಯುತ್ತದೆ. ಒಬ್ಬರು ಎರಡು ಮೂರು ಪ್ರಾಜೆಕ್ಟ್ ನೋಡಿಕೊಳ್ಳುವ ನಿಮ್ಮ ತಂಡದಲ್ಲಿ, ಈ ಕಾರಣಕ್ಕಾಗಿಯೇ, ಲ್ಯಾಬ್‌ವ್ಯೂಗೆ ನಾನು ಸಬ್‌ಮಾಡ್ಯೂಲ್ ದಾರಿಯನ್ನು ಸೂಚಿಸುತ್ತೇನೆ.

ಹದಿನಾಲ್ಕು ರೆಪೊಸಿಟರಿ ಹೆಚ್ಚಲ್ಲವೇ ಎಂದು ನೀವು ಕೇಳಬಹುದು. ಎಲ್ಲ ಡ್ರೈವರ್‌ಗಳೂ ಒಂದೇ ರೆಪೊಸಿಟರಿಯಲ್ಲಿದ್ದರೆ, ಪವರ್ ಸಪ್ಲೈಯ ಒಂದು ತಿದ್ದುಪಡಿ ಬೇಕೆಂದವರು ಮಲ್ಟಿಮೀಟರ್‌ನ ಹೊಸ ಬದಲಾವಣೆಗಳನ್ನೂ ತೆಗೆದುಕೊಂಡು, ಅಳತೆಗಳನ್ನೆಲ್ಲ ಮತ್ತೆ ಪರೀಕ್ಷಿಸಬೇಕಾಗುತ್ತದೆ. ಒಂದು ಪ್ರಾಜೆಕ್ಟ್ ಬಳಸುವುದು ಹೆಚ್ಚೆಂದರೆ ನಾಲ್ಕೈದು ಉಪಕರಣಗಳನ್ನು, ಆದ್ದರಿಂದ ನಾಲ್ಕೈದು ಸಬ್‌ಮಾಡ್ಯೂಲ್‌ಗಳೇ ಇರುತ್ತವೆ.

ಆವೃತ್ತಿ ಸಂಖ್ಯೆಗೆ ಮೂರು ಅಂಕಿಗಳ ಪದ್ಧತಿ ಸಾಕು: ಮೊದಲನೆಯದು ಹೊಂದಿಕೆ ಮುರಿಯುವ ಬದಲಾವಣೆಗೆ, ಎರಡನೆಯದು ಹೊಸ ಸೌಲಭ್ಯಕ್ಕೆ, ಮೂರನೆಯದು ದೋಷ ತಿದ್ದುಪಡಿಗೆ. ಇಲ್ಲಿ ಒಂದು ನಿಯಮವನ್ನು ಮಾತ್ರ ಬಿಗಿಯಾಗಿ ಹಿಡಿಯಿರಿ. ಡೀಫಾಲ್ಟ್ ಮೌಲ್ಯ ಬದಲಾದರೆ ಮೊದಲ ಅಂಕಿ ಬದಲಾಗಲೇಬೇಕು. ನಿಮ್ಮ ಇಂಟಿಗ್ರೇಷನ್ ಸಮಯದ ಬದಲಾವಣೆ 2.3.1ರಿಂದ 2.3.2 ಅಲ್ಲ, 3.0.0. ಇನಿಷಿಯಲೈಸ್ ವಿಐಯಲ್ಲಿರುವ ರಿಸೆಟ್ ಇನ್‌ಪುಟ್ ಇದಕ್ಕೆ ಇನ್ನೊಂದು ಉದಾಹರಣೆ: ಅದರ ಡೀಫಾಲ್ಟನ್ನು ಫಾಲ್ಸ್‌ನಿಂದ ಟ್ರೂ ಮಾಡಿದರೆ, ಆಗಲೇ ಬೋರ್ಡ್‌ಗೆ ವಿದ್ಯುತ್ ಕೊಡುತ್ತಿರುವ ಪವರ್ ಸಪ್ಲೈ ಟೆಸ್ಟ್‌ನ ನಡುವೆ ಔಟ್‌ಪುಟ್ ಆರಿಸಿಬಿಡುತ್ತದೆ.

ತಯಾರಕರ ಡ್ರೈವರನ್ನು ತಿದ್ದಿರುವ ವಿಷಯಕ್ಕೆ ಬಂದರೆ, ಸಾಧ್ಯವಿದ್ದಷ್ಟೂ ಅದರೊಳಗೆ ಕೈ ಹಾಕಬೇಡಿ. ಅದರ ಮೇಲೆ ನಿಮ್ಮದೊಂದು ತೆಳು ಪದರ ಬರೆಯಿರಿ. ಪ್ರಾಜೆಕ್ಟ್‌ಗಳು ಆ ಪದರವನ್ನು ಮಾತ್ರ ಕರೆಯಲಿ, ಇಂಟಿಗ್ರೇಷನ್ ಸಮಯದಂಥವು ಅಲ್ಲಿ ಕಡ್ಡಾಯ ಇನ್‌ಪುಟ್ ಆಗಿರಲಿ. ಒಳಗಿನ ದೋಷವನ್ನು ತಿದ್ದಲೇಬೇಕಾದರೆ ರೆಪೊಸಿಟರಿಯಲ್ಲಿ ಎರಡು ಬ್ರ್ಯಾಂಚ್ ಇಡಿ: ಒಂದರಲ್ಲಿ ತಯಾರಕರು ಕೊಟ್ಟದ್ದು ಇದ್ದ ಹಾಗೆ, ಇನ್ನೊಂದರಲ್ಲಿ ನಿಮ್ಮ ತಿದ್ದುಪಡಿಗಳು. ಹೊಸ ಆವೃತ್ತಿ ಬಂದಾಗ ಮೊದಲನೆಯದಕ್ಕೆ ಹಾಕಿ, ವ್ಯತ್ಯಾಸ ನೋಡಿ, ಎರಡನೆಯದಕ್ಕೆ ತನ್ನಿ. ಪೈಥಾನ್‌ನಲ್ಲಿ ಇದು ಬಹುಮಟ್ಟಿಗೆ ತಾನಾಗಿ ಬೆಸೆಯುತ್ತದೆ. ವಿಐಗಳಲ್ಲಿ ನಿಮ್ಮ ತಿದ್ದುಪಡಿಗಳನ್ನು ಹೊಸ ಫೈಲ್‌ನಲ್ಲಿ ಕೈಯಿಂದಲೇ ಮತ್ತೆ ಮಾಡಬೇಕಾಗುವುದರಿಂದ, ಪ್ರತಿ ತಿದ್ದುಪಡಿಯೂ ಪ್ರತ್ಯೇಕ ಕಮಿಟ್ ಆಗಿ, ಕಾರಣ ಸಹಿತ ಇರಬೇಕು.

ಲ್ಯಾಬ್‌ವ್ಯೂ ಆವೃತ್ತಿಯ ಬಗ್ಗೆಯೂ ಎಚ್ಚರ ಬೇಕು. ಹೊಸ ಲ್ಯಾಬ್‌ವ್ಯೂನಲ್ಲಿ ಸೇವ್ ಆದ ವಿಐ ಹಳೆಯದರಲ್ಲಿ ತೆರೆಯುವುದಿಲ್ಲ. ಹಂಚಿಕೊಂಡ ಡ್ರೈವರನ್ನು ನಿಮ್ಮಲ್ಲಿ ಬಳಕೆಯಲ್ಲಿರುವ ಅತಿ ಹಳೆಯ ಆವೃತ್ತಿಯಲ್ಲೇ ತಿದ್ದಬೇಕು. ಮುಂದೊಂದು ದಿನ ಎಲ್ಲವನ್ನೂ ಮೇಲಕ್ಕೆ ಏರಿಸುವಾಗ ಆ ಏರಿಕೆಯೊಂದೇ ಒಂದು ಕಮಿಟ್ ಆಗಿರಲಿ, ಅದರೊಂದಿಗೆ ಬೇರೆ ಯಾವ ತಿದ್ದುಪಡಿಯೂ ಬೆರೆಯದಿರಲಿ.

ಬಿಡುಗಡೆಗೆ ಮುಂಚಿನ ಪರೀಕ್ಷೆ ನಿಜವಾದ ಉಪಕರಣದ ಮೇಲೇ ಆಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಸಿಮ್ಯುಲೇಷನ್ ಬೇಡ ಎನ್ನುತ್ತಿಲ್ಲ. ಉಪಕರಣವನ್ನು ಅನುಕರಿಸುವ ಪೈವಿಸಾ-ಸಿಮ್‌ನಂಥವು ದಿನನಿತ್ಯದ ಕೆಲಸಕ್ಕೆ ಬಹಳ ಉಪಯುಕ್ತ. ಆದರೆ ಸಿಮ್ಯುಲೇಟರ್‌ಗೆ ನಾವು ಹೇಳಿಕೊಟ್ಟದ್ದಷ್ಟೇ ಗೊತ್ತು. ಪರೀಕ್ಷೆ ದೊಡ್ಡದಾಗಿರಬೇಕಿಲ್ಲ. ಉಪಕರಣವನ್ನು ತೆರೆದು, ಗುರುತು ಕೇಳುವ *ಐಡಿಎನ್? (*IDN?) ಕಮಾಂಡ್ ಕಳಿಸಿ. 1987ರ ಐಇಇಇ 488.2 ಪ್ರಮಾಣದ ಪ್ರಕಾರ ಉತ್ತರದಲ್ಲಿ ಅಲ್ಪವಿರಾಮಗಳ ನಡುವೆ ನಾಲ್ಕು ಭಾಗಗಳು ಬರುತ್ತವೆ: ತಯಾರಕರು, ಮಾಡೆಲ್, ಸೀರಿಯಲ್ ಸಂಖ್ಯೆ, ಫರ್ಮ್‌ವೇರ್ (ಉಪಕರಣದೊಳಗಿನ ಸಾಫ್ಟ್‌ವೇರ್). ನಂತರ ಡ್ರೈವರಿನ ಪ್ರತಿ ಮುಖ್ಯ ಫಂಕ್ಷನ್ ಒಮ್ಮೆ ಕರೆದು, ಪ್ರತಿ ಬಾರಿಯೂ ಎಸ್‌ಸಿಪಿಐ (ಉಪಕರಣಗಳ ಸಾಮಾನ್ಯ ಕಮಾಂಡ್ ಭಾಷೆ) ಎರರ್ ಸಾಲನ್ನು ಓದಿ, ಸೊನ್ನೆ ಬರುವವರೆಗೆ ಖಾಲಿ ಮಾಡಿ. ಉಪಕರಣದ ಫರ್ಮ್‌ವೇರ್‌ಗೆ ತಿಳಿಯದ ಕಮಾಂಡ್ ಹೋಗಿದ್ದರೆ ಅಲ್ಲಿ -113 ಎಂಬ ಸಂಖ್ಯೆ ಕಾದಿರುತ್ತದೆ. ಎಷ್ಟೋ ಡ್ರೈವರ್‌ಗಳು ಅದನ್ನು ಓದುವುದೇ ಇಲ್ಲ, ಸೆಟ್ಟಿಂಗ್ ಹಾಕಿಲ್ಲದಿದ್ದರೂ ಹಾಕಿದಂತೆ ಮುಂದುವರಿಯುತ್ತವೆ.

ಆ ನಾಲ್ಕನೆಯ ಭಾಗ, ಅಂದರೆ ಫರ್ಮ್‌ವೇರ್ ಸಂಖ್ಯೆ, ಬಿಡುಗಡೆಯ ಟಿಪ್ಪಣಿಯಲ್ಲಿ ಇರಬೇಕು. ಅಷ್ಟೇ ಅಲ್ಲ, ಪ್ರತಿ ಟೆಸ್ಟ್ ರಿಪೋರ್ಟ್‌ನಲ್ಲೂ ಡ್ರೈವರ್ ಆವೃತ್ತಿ, ವಿಸಾ (ಕಂಪ್ಯೂಟರ್ ಮತ್ತು ಉಪಕರಣಗಳ ನಡುವಿನ ಸಂವಹನ ಸಾಫ್ಟ್‌ವೇರ್) ಆವೃತ್ತಿ ಮತ್ತು ಉಪಕರಣದ ಫರ್ಮ್‌ವೇರ್ ಒಂದು ಸಾಲಿನಲ್ಲಿ ಅಚ್ಚಾಗುವಂತೆ ಮಾಡಿ. ನಿಮ್ಮ ಫೇಲ್ ಆದ ಬೋರ್ಡ್‌ಗಳ ರಿಪೋರ್ಟ್‌ನಲ್ಲಿ ಆ ಸಾಲು ಇದ್ದಿದ್ದರೆ, ಪಾಸ್ ಆದ ಕೊನೆಯ ಬೋರ್ಡ್‌ನ ರಿಪೋರ್ಟನ್ನು ಪಕ್ಕದಲ್ಲಿಟ್ಟು ನೋಡಿದ ಕೂಡಲೇ ಉತ್ತರ ಸಿಗುತ್ತಿತ್ತು.

ಕೊನೆಯದಾಗಿ ನಿಮ್ಮ ಉತ್ಪಾದನಾ ಸ್ಟೇಷನ್‌ಗಳು. ಅವುಗಳಿಗಾಗಿ ಮಾಡಬೇಕಾದ ಮೊದಲ ಕೆಲಸ, ನೆಟ್‌ವರ್ಕ್ ಫೋಲ್ಡರ್‌ಗೆ ಬರೆಯುವ ಅನುಮತಿಯನ್ನು ಇಂದೇ ತೆಗೆಯುವುದು. ನಂತರ ಪ್ರತಿ ಸ್ಟೇಷನ್‌ನಲ್ಲಿ ಈಗ ಓಡುತ್ತಿರುವುದನ್ನು, ಇನ್‌ಸ್ಟ್ರ್.ಲಿಬ್‌ನ ಒಳಗಿರುವುದನ್ನೂ ಸೇರಿಸಿ, ಇದ್ದ ಹಾಗೆಯೇ ಕಮಿಟ್ ಮಾಡಿ ಆ ಸ್ಟೇಷನ್‌ನ ಹೆಸರಿನ ಟ್ಯಾಗ್ ಹಾಕಿ. ಹಳೆಯ ಕಾಪಿಗಳಲ್ಲಿ ಒಂದಕ್ಕೊಂದು ಬೇರೆಯಾದವು ಸಿಕ್ಕರೆ ಪ್ರತಿಯೊಂದನ್ನೂ ಪ್ರತ್ಯೇಕ ಬ್ರ್ಯಾಂಚ್‌ನಲ್ಲಿ ಉಳಿಸಿ. ಎಲ್ಲವನ್ನೂ ಒಂದೇ ಸಲ ಒಂದಾಗಿಸುವ ಪ್ರಯತ್ನ ಬೇಡ, ಅಂಥ ಪ್ರಯತ್ನಗಳು ಅರ್ಧಕ್ಕೆ ನಿಲ್ಲುವುದನ್ನೇ ನಾನು ಹೆಚ್ಚಾಗಿ ನೋಡಿದ್ದೇನೆ. ಮಲ್ಟಿಮೀಟರ್ ಡ್ರೈವರ್ ಒಂದನ್ನೇ ಮೊದಲು ಹೊಸ ಪದ್ಧತಿಗೆ ತನ್ನಿ. ಆರಂಭಕ್ಕೆ ಇತ್ತೀಚೆಗೆ ಪೂರ್ತಿ ಪರೀಕ್ಷೆಯಾದ ಪ್ರಾಜೆಕ್ಟ್‌ನ ಕಾಪಿಯನ್ನು ಆರಿಸಿಕೊಳ್ಳಿ, ಇಂಟಿಗ್ರೇಷನ್ ಸಮಯವನ್ನು 10 ಸೈಕಲ್‌ಗೇ ಇಡಿ, 1.0.0 ಎಂದು ಟ್ಯಾಗ್ ಹಾಕಿ. ವೇಗ ಬೇಕಿದ್ದ ನಿಮ್ಮ ಸಹೋದ್ಯೋಗಿ ತಮ್ಮ ಪ್ರಾಜೆಕ್ಟ್‌ನಿಂದ 0.1 ಮೌಲ್ಯವನ್ನು ಇನ್‌ಪುಟ್ ಆಗಿ ಕಳಿಸಲಿ. ಉಳಿದ ಪ್ರಾಜೆಕ್ಟ್‌ಗಳು ಯಾವುದಾದರೂ ಕಾರಣಕ್ಕೆ ಮುಂದಿನ ಬಾರಿ ತೆರೆದುಕೊಂಡಾಗ, ಆಗ ಮಾತ್ರ, ಸಬ್‌ಮಾಡ್ಯೂಲ್‌ಗೆ ಬದಲಾಗಲಿ. ಅಲ್ಲಿಯವರೆಗೆ ಬೋರ್ಡ್‌ಗಳನ್ನು ಸರಿಯಾಗಿ ಅಳೆಯುತ್ತಿರುವ ಸ್ಟೇಷನ್‌ಗಳನ್ನು ಮುಟ್ಟಬೇಡಿ.